ಲ್ಯಾಬ್ (ಲ್ಯಾಬ್ರಡಾರ್) ನಾಯಿಮರಿ ಹಲ್ಲು ಬದಲಾಯಿಸ್ತಿದೆ, ಸೋಫಾ ಕಾಲು ಮುಗೀತು, ಈಗ ವೈರಿನ ಸರದಿ

ಚಪ್ಪಲಿ_ಸ್ಟ್ಯಾಂಡ್:
ಲ್ಯಾಬ್, ಹೆಣ್ಣು ಮರಿ, ನಾಲ್ಕೂವರೆ ತಿಂಗಳು, 15 ಕೆಜಿ. ಬನಶಂಕರಿ, ಎರಡನೇ ಮಹಡಿ ಫ್ಲ್ಯಾಟು. ಲಸಿಕೆ, ಜಂತುಹುಳದ ಔಷಧಿ ಎಲ್ಲ ಆಗಿದೆ. ಬೆಳಗ್ಗೆ 10ರಿಂದ 1ರವರೆಗೆ ಮನೇಲಿ ಯಾರೂ ಇರಲ್ಲ. ಇಲ್ಲೀವರೆಗಿನ ನಷ್ಟ: ಸೋಫಾದ ಎರಡು ಕಾಲು, ಬಾಗಿಲ ಚೌಕಟ್ಟಿನ ಒಂದು ಮೂಲೆ, ತೆಂಗಿನ ನಾರಿನ ಕಾಲೊರಸು. ಚಪ್ಪಲಿಗಳ ಲೆಕ್ಕ ಇಟ್ಟಿಲ್ಲ. ನಿನ್ನೆ ಲ್ಯಾಪ್‌ಟಾಪ್ ಚಾರ್ಜರಿಗೆ ಬಾಯಿ ಹಾಕಿದೆ. ಆಟಿಕೆ ಮೇಲೆ ರಕ್ತದ ಕಲೆ ಬೇರೆ.

ಮಾಡಿರೋದು ಇಷ್ಟು: ಕಹಿ ಸ್ಪ್ರೇ (ಎರಡು ದಿನ ಕೆಲಸ ಮಾಡ್ತು), ಪೆಟ್ ಶಾಪಿನವರು ಕೊಟ್ಟ ಕ್ಯಾಲ್ಸಿಯಂ ಸಿರಪ್ಪು, ತೊಗಲಿಂದ ಮಾಡಿದ ಮೂಳೆ ಆಕಾರದ ಬಿಳಿ ಬೋನು, ಒಂದು ಹಳೇ ಚಪ್ಪಲಿ. ಇದು ಯಾವಾಗ ನಿಲ್ಲುತ್ತೆ? ಕ್ಯಾಲ್ಸಿಯಂ ಕಮ್ಮಿ ಅಂತ ಹೀಗೆ ಕಡೀತಿದ್ಯಾ? ಏನು ಕೊಡಬೇಕು?

ಬಾಲದ_ತುದಿ:
ಹಳೇ ಚಪ್ಪಲಿನ ಮೊದಲು ಎಸೀರಿ. ಹಳೇದು ಯಾವುದು, ಮೊನ್ನೆ ತಂದಿದ್ದು ಯಾವುದು ಅಂತ ಅದಕ್ಕೆ ಬಿಲ್ಲು ತೋರಿಸ್ತೀರಾ?

ಗೊರಸು:
ರಕ್ತದ ಕಲೆಗೆ ಹೆದರಬೇಡಿ, ಈ ವಯಸ್ಸಿಗೆ ಅದು ಸಹಜ. ಮರಿಗೆ ಹಾಲುಹಲ್ಲು 28, ದೊಡ್ಡ ಹಲ್ಲು 42. ಮೂರರಿಂದ ನಾಲ್ಕು ತಿಂಗಳಲ್ಲಿ ಮುಂದಿನ ಬಾಚಿಹಲ್ಲು ಉದುರೋಕೆ ಶುರು. ಐದರ ಆಸುಪಾಸಲ್ಲಿ ಕೋರೆಹಲ್ಲು, ಅದರ ಹಿಂದಿನ ಸಣ್ಣ ದವಡೆಹಲ್ಲು. ತೀರಾ ಹಿಂದಿನ ದೊಡ್ಡ ದವಡೆಹಲ್ಲುಗಳಿಗೆ ಹಾಲುಹಲ್ಲು ಅನ್ನೋದೇ ಇರಲ್ಲ, ಐದರಿಂದ ಏಳು ತಿಂಗಳಲ್ಲಿ ವಸಡು ಸೀಳಿಕೊಂಡು ನೇರವಾಗಿ ಬರುತ್ತವೆ. ನಿಮ್ಮ ಮರಿ ಈಗ ಸರಿಯಾಗಿ ಮಧ್ಯದಲ್ಲಿದೆ. ಮರ ಕಡಿಯೋದು ಇನ್ನೂ ಜಾಸ್ತಿ ಆಗಬಹುದು, ಯಾಕಂದ್ರೆ ಒತ್ತಡ ಮುಂದಿನ ಹಲ್ಲಿಂದ ಹಿಂದಕ್ಕೆ ಹೋಗುತ್ತೆ. ಬಾಯಿಯ ಪಕ್ಕಕ್ಕೆ ಇಟ್ಕೊಂಡು ಕಡಿಯೋಕೆ ಶುರು ಮಾಡಿದ್ರೆ ದವಡೆ ಹಲ್ಲಿನ ಸರದಿ ಬಂತು ಅಂತ ಅರ್ಥ.

ಬಿದ್ದ ಹಲ್ಲು ಬಹಳ ಸಲ ಸಿಗೋದೇ ಇಲ್ಲ, ಊಟದ ಜೊತೆ ನುಂಗಿಬಿಡುತ್ತೆ. ಅದರಿಂದ ತೊಂದರೆ ಇಲ್ಲ. ಆದರೆ ರಕ್ತ ತೊಟ್ಟಿಕ್ಕುತ್ತಾ ಇದ್ರೆ, ಮುಖ ಒಂದು ಕಡೆ ಊದಿದ್ರೆ, ಊಟ ಪೂರ್ತಿ ಬಿಟ್ರೆ ಅದು ಹಲ್ಲು ಬರೋ ಲಕ್ಷಣ ಅಲ್ಲ, ಡಾಕ್ಟರಿಗೆ ತೋರಿಸಿ.

ಮಲ್ಲೇಶ್ವರ_8ನೇ_ಕ್ರಾಸ್:
ಆರು ತಿಂಗಳಿಗೆ ತಾನಾಗೇ ನಿಲ್ಲುತ್ತೆ ಬಿಡಿ. ತಲೆ ಕೆಡಿಸ್ಕೋಬೇಡಿ.

ಗೊರಸು:
ಹಲ್ಲು ಬರೋದು ನಿಲ್ಲುತ್ತೆ, ಕಡಿಯೋದು ನಿಲ್ಲಲ್ಲ. ಏಳನೇ ತಿಂಗಳಿಂದ ವರ್ಷ ತುಂಬೋವರೆಗೆ ಇನ್ನೊಂದು ಸುತ್ತು ಬರುತ್ತೆ, ಅದೂ ಗಟ್ಟಿ ಹಲ್ಲಲ್ಲಿ. ಈಗ ಅದಕ್ಕೆ ಸೋಫಾ ಕಾಲಿನ ರುಚಿ ಹತ್ತಿದ್ರೆ ಆಗಲೂ ಅಲ್ಲಿಗೇ ಹೋಗುತ್ತೆ.

ಕಂತ್ರಿಪ್ರೇಮಿ:
ಕ್ಯಾಲ್ಸಿಯಂ ಸಿರಪ್ಪು ಇವತ್ತೇ ನಿಲ್ಲಿಸಿ. ಗೋಡೆ ನೆಕ್ಕಿದ್ರೂ ಕ್ಯಾಲ್ಸಿಯಂ, ಮರ ಕಡಿದ್ರೂ ಕ್ಯಾಲ್ಸಿಯಂ, ಕಿವಿ ನಿಲ್ಲಲಿಲ್ಲ ಅಂದ್ರೂ ಕ್ಯಾಲ್ಸಿಯಂ! ಈ ಊರಲ್ಲಿ ನಾಯಿಮರಿ ಅಂದ್ರೆ ಸುಣ್ಣದ ಗೂಡು ಅಂದುಕೊಂಡಿದ್ದಾರೆ.

ಮಲ್ಲೇಶ್ವರ_8ನೇ_ಕ್ರಾಸ್:
ಬೆಳೆಯೋ ಮರಿಗೆ ಮೂಳೆ ಗಟ್ಟಿಯಾಗಬೇಡ್ವಾ? ಜಾಸ್ತಿ ಆದ್ರೆ ದೇಹವೇ ಹೊರಗೆ ಹಾಕುತ್ತೆ.

ಗೊರಸು:
ಹಾಕಲ್ಲ ಸಾರ್, ತೊಂದರೆ ಇರೋದೇ ಅಲ್ಲಿ. ದೊಡ್ಡ ನಾಯಿಗೆ ಕರುಳು ಬೇಕಾದಷ್ಟೇ ಕ್ಯಾಲ್ಸಿಯಂ ಹೀರಿಕೊಳ್ಳೋ ಹಾಗೆ ಹಿಡಿತ ಇರುತ್ತೆ. ಚಿಕ್ಕ ಮರಿಗೆ, ಅದರಲ್ಲೂ ಆರು ತಿಂಗಳ ಒಳಗಿನದಕ್ಕೆ, ಆ ಹಿಡಿತ ಇನ್ನೂ ಬಂದಿರಲ್ಲ. ಕೊಟ್ಟಿದ್ದರಲ್ಲಿ ಬಹುಪಾಲು ಒಳಗೆ ಹೋಗುತ್ತೆ. ಲ್ಯಾಬ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಥರ ಬೇಗ ಬೆಳೆಯೋ ಜಾತಿಗಳಲ್ಲಿ ಹೆಚ್ಚುವರಿ ಕ್ಯಾಲ್ಸಿಯಂನಿಂದ ಮೂಳೆ ವಕ್ರವಾಗಿ ಬೆಳೆಯೋದು, ಕೀಲಿನ ಮೃದ್ವಸ್ಥಿ ಕೆಡೋದು ಎಲ್ಲ ಗೊತ್ತಿರೋ ಸಂಗತಿ. ದೊಡ್ಡ ಜಾತಿ ಮರಿಗೆ ಅಂತಲೇ ಮಾಡಿದ ಪಪ್ಪಿ ಫುಡ್ ಕೊಡ್ತಿದ್ರೆ ಅದರಲ್ಲೇ ಸಾಕಷ್ಟಿದೆ. ಮೇಲೆ ಸಿರಪ್ಪು ಸುರಿಯೋದು ಅಪಾಯ.

ಉಲ್ಟಾ ಕೇಸೂ ಇದೆ. ಬರೀ ಅನ್ನ, ಮೊಸರು, ಬೇಯಿಸಿದ ಚಿಕನ್ ಕೊಡೋ ಮನೆಗಳಲ್ಲಿ ನಿಜವಾಗ್ಲೂ ಕ್ಯಾಲ್ಸಿಯಂ ಸಾಲಲ್ಲ, ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಮ್ಮಿ. ಆಗ ಕಾಣೋದು ಕುಂಟು, ಬಾಗಿದ ಕಾಲು, ಮುಟ್ಟಿದ್ರೆ ನೋವು. ಸೋಫಾ ಕಡಿಯೋದು ಅದರ ಲಕ್ಷಣ ಅಲ್ಲ. ಅಂಥ ಮರಿಗೆ ಊಟದ ಪಟ್ಟಿ ಬದಲಾಯಿಸಬೇಕು, ಅಂದಾಜಿಗೆ ಎರಡು ಚಮಚ ಸಿರಪ್ಪು ಅಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆಯಲ್ಲಿ ತೋರಿಸಿದ್ರೂ ಆಯ್ತು, ಹತ್ತಿರದ ಡಾಕ್ಟರಾದ್ರೂ ಆಯ್ತು. ಊಟ ಏನು, ಎಷ್ಟು ಗ್ರಾಂ ಅಂತ ಬರೆದುಕೊಂಡು ಹೋಗಿ.

ಮುಧೋಳ_ಬೇಟೆ:
ಮಟನ್ ಅಂಗಡಿಯಿಂದ ಒಂದು ನಲ್ಲಿಮೂಳೆ ತಂದು ಬೇಯಿಸಿ ಹಾಕಿ, ಎರಡು ಗಂಟೆ ಮನೆ ಶಾಂತಿ.

ಹಲ್ಲುಪುಡಿ:
ಎರಡು ಗಂಟೆ ಶಾಂತಿ, ಆಮೇಲೆ ಆಪರೇಷನ್ನು. ಬೆಂದ ಮೂಳೆ ಚೂಪಾಗಿ ಸೀಳುತ್ತೆ, ಗಂಟಲು, ಕರುಳು ಎಲ್ಲಿ ಬೇಕಾದ್ರೂ ಚುಚ್ಚಬಹುದು. ದುಂಡನೆ ನಲ್ಲಿಮೂಳೆ ಕೆಳದವಡೆಗೆ ಬಳೆ ಥರ ಸಿಕ್ಕಿಹಾಕ್ಕೊಳ್ಳುತ್ತೆ, ಕೋರೆಹಲ್ಲು ದಾಟಿ ಹಿಂದಕ್ಕೆ ಬರಲ್ಲ, ಅರಿವಳಿಕೆ ಕೊಟ್ಟು ಕತ್ತರಿಸಿ ತೆಗೀಬೇಕು.

ಗಟ್ಟಿ ಪದಾರ್ಥಕ್ಕೆ ಒಂದು ಪರೀಕ್ಷೆ ಇದೆ. ಹೆಬ್ಬೆರಳಿನ ಉಗುರು ಒತ್ತಿ, ಗುರುತು ಬೀಳಬೇಕು. ಬೀಳಲಿಲ್ಲ ಅಂದ್ರೆ ಅದು ಮರಿ ಹಲ್ಲಿಗಿಂತ ಗಟ್ಟಿ ಅಂತಲೇ ತಿಳ್ಕೊಳ್ಳಿ. ಉಗುರಿಗೆ ನಂಬಿಕೆ ಇಲ್ವಾ, ನಿಮ್ಮ ಮಂಡಿ ಚಿಪ್ಪಿಗೆ ಅದರಲ್ಲಿ ಹೊಡ್ಕೊಳ್ಳೋಕೆ ಮನಸ್ಸು ಬರುತ್ತಾ ನೋಡಿ! ಜಿಂಕೆ ಕೊಂಬು, ಗೊರಸು, ಮೂಳೆ, ಗಟ್ಟಿ ನೈಲಾನ್ ಎಲ್ಲ ಇದರಲ್ಲಿ ಫೇಲು. ಮೇಲ್ದವಡೆಯ ನಾಲ್ಕನೇ ಮುಂದವಡೆಹಲ್ಲು, ಅಂದ್ರೆ ಪಕ್ಕದಲ್ಲಿ ಕಾಣೋ ಅತಿ ದೊಡ್ಡ ಹಲ್ಲು, ಅದರ ಹೊರಮೈ ಚಕ್ಕೆ ಎದ್ದು ಹೋಗುತ್ತೆ. ಒಳಗಿನ ನರ ತೆರೆದುಕೊಂಡ್ರೆ ಒಂದೋ ರೂಟ್ ಕೆನಾಲ್, ಇಲ್ಲ ಹಲ್ಲು ಕೀಳಿಸೋದು.

ರಾಗಿಮುದ್ದೆ:
ಯಾಕ್ (ಚಮರೀಮೃಗ) ಹಾಲಿನ ಗಟ್ಟಿ ಚೀಸ್ ಕಡ್ಡಿ ಕೊಡಬಹುದಾ? ಈಗ ಎಲ್ಲ ಪೆಟ್ ಶಾಪಲ್ಲೂ ಅದೇ ಮುಂದೆ ನೇತಾಡ್ತಿರುತ್ತೆ.

ಹಲ್ಲುಪುಡಿ:
ಅದೂ ಉಗುರು ಪರೀಕ್ಷೆಯಲ್ಲಿ ಫೇಲು. ಹಾಲುಹಲ್ಲು ಬೀಳೋ ಮರಿಗೆ ಬೇಡ. ಒಂದೂವರೆ ಇಂಚಿನ ತುಂಡು ಉಳಿದಾಗ ಇಡಿಯಾಗಿ ನುಂಗೋ ಭಯವೂ ಇದೆ. ಇನ್ನು ಆ ಬಿಳಿ ತೊಗಲು ಬೋನು: ಎಂಜಲಿಗೆ ನೆನೆದು ಮೆತ್ತಗಾಗಿ ಊದುತ್ತೆ, ಮರಿ ದೊಡ್ಡ ಹಾಳೆ ಕಿತ್ತು ನುಂಗುತ್ತೆ, ಗಂಟಲಲ್ಲಿ ಇಲ್ಲ ಕರುಳಲ್ಲಿ ಕೂರುತ್ತೆ. ಅದನ್ನೂ ಚಪ್ಪಲಿ ಜೊತೆಗೆ ಎಸೀರಿ.

ಎಳನೀರು_ಗಾಡಿ:
ಎಳನೀರು ಬುರುಡೆ ಫ್ರೀ ಸಿಗುತ್ತೆ. ಗಂಟೆಗಟ್ಟಲೆ ಕೂತು ಸಿಗೀತಾ ಇರುತ್ತೆ.

ಕಂತ್ರಿಪ್ರೇಮಿ:
ಸಿಗಿದು ಉಗುಳಿದ್ರೆ ಚೆಂದ. ಲ್ಯಾಬ್ ಉಗುಳುತ್ತಾ? ನಾರು ಹೊಟ್ಟೇಲಿ ಉಂಡೆ ಕಟ್ಟುತ್ತೆ, ಉದ್ದದ ಎಳೆಗಳು ಕರುಳನ್ನ ನೆರಿಗೆ ಹಾಕಿದ ಹಾಗೆ ಎಳೆದುಬಿಡುತ್ತವೆ. ನಾರಿನ ಕಾಲೊರಸಿಗೂ ಇದೇ ಮಾತು, ಅದು ಹೋಗಿದ್ದೇ ಒಳ್ಳೇದಾಯ್ತು, ಹೊಸದು ತರಬೇಡಿ. ಜೋಳದ ದಿಂಡು, ಮಾವಿನ ಓಟೆ ಎರಡಕ್ಕೂ ಮನೇಲಿ ಬಾಗಿಲು ಮುಚ್ಚಿರಲಿ. ದಿಂಡು ಜೀರ್ಣವೇ ಆಗಲ್ಲ, ಓಟೆ ಸಣ್ಣ ಕರುಳಲ್ಲಿ ಬಿರಡೆ ಹಾಕಿದ ಹಾಗೆ ಕೂರುತ್ತೆ. ಮಾವಿನ ಕಾಲದಲ್ಲಿ ಕಸದ ಬುಟ್ಟಿಗೆ ಮುಚ್ಚಳ ಕಡ್ಡಾಯ.

ಪದೇ ಪದೇ ವಾಂತಿ, ಊಟ ಬೇಡ ಅನ್ನೋದು, ಕಕ್ಕ ನಿಂತಿರೋದು, ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ನಿಲ್ಲೋದು ಕಂಡ್ರೆ ಅದೇ ದಿನ ಎಕ್ಸ್‌ರೇ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗಬೇಡಿ, ಉಪ್ಪೇ ವಿಷ ಆಗುತ್ತೆ. ಬಾಯಲ್ಲೋ ಹಿಂದಿನಿಂದಲೋ ದಾರ ಇಣುಕ್ತಾ ಇದ್ರೆ ಎಳೀಬೇಡಿ.

ಚಪ್ಪಲಿ_ಸ್ಟ್ಯಾಂಡ್:
ಸರಿ, ಸಿರಪ್ಪು, ಬೋನು, ಚಪ್ಪಲಿ ಮೂರೂ ಹೊರಗೆ. ಬೇಡ ಅನ್ನೋ ಪಟ್ಟಿ ಉದ್ದ ಆಯ್ತು. ಕೊಡೋದು ಏನು?

ರಾಗಿಮುದ್ದೆ:
ತಣ್ಣಗಿರಬೇಕು, ಮೆತ್ತಗೆ ಬಗ್ಗಬೇಕು, ಕೆಲಸ ಕೊಡಬೇಕು. ಒಳಗೆ ಟೊಳ್ಳಿರೋ ರಬ್ಬರ್ ಆಟಿಕೆ ತಗೊಳ್ಳಿ, ಮರಿಗಳಿಗೆ ಅಂತ ಮೆದು ರಬ್ಬರಿನದೇ ಬೇರೆ ಬರುತ್ತೆ. ಕರೀ ಬಣ್ಣದ ಗಟ್ಟಿ ರಬ್ಬರ್ ದೊಡ್ಡ ನಾಯಿಗೆ. ಅಳತೆ ನಾಲಗೆಯ ಹಿಂಭಾಗಕ್ಕೆ ಜಾರದಷ್ಟು ದೊಡ್ಡದಿರಲಿ, ಮರಿ ಬೆಳೆದ ಹಾಗೆ ಬದಲಾಯಿಸಿ.

ಒಳಗೆ ತುಂಬೋದಕ್ಕೆ ರಾಗಿ ಗಂಜಿ. ಎರಡು ದೊಡ್ಡ ಚಮಚ ರಾಗಿ ಹಿಟ್ಟು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕದಡಿ, ಒಟ್ಟು ಒಂದು ಲೋಟ ನೀರು ಆಗೋ ಹಾಗೆ ಸೇರಿಸಿ, ಸಣ್ಣ ಉರೀಲಿ 8-10 ನಿಮಿಷ ತಿರುವಿ. ಚಮಚದಿಂದ ಜಾರದಷ್ಟು ಗಟ್ಟಿ ಆಗಬೇಕು. ಆರಿದ ಮೇಲೆ ಎರಡು ಚಮಚ ಮೊಸರು, ಒಂದು ಹಿಡಿ ಅದರ ದಿನದ ಊಟದ ಒಣ ಪಪ್ಪಿ ಫುಡ್ ಕಾಳು. ಉಪ್ಪು, ಬೆಲ್ಲ, ಒಗ್ಗರಣೆ ಬೇಡ. ಒಗ್ಗರಣೆ ಅನ್ನದಲ್ಲಿ ಈರುಳ್ಳಿ ಬೆಳ್ಳುಳ್ಳಿ ಇದ್ರೆ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ. ಸಣ್ಣ ತೂತಿಗೆ ಕ್ಯಾರೆಟ್ ಚೂರು ಸಿಕ್ಕಿಸಿ, ಸ್ಟೀಲ್ ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಫ್ರೀಜರಲ್ಲಿ ಐದಾರು ಗಂಟೆ. ಮೊದಲ ದಿನವೇ ಕಲ್ಲಾಗಿಸಬೇಡಿ, ಸಿಗಲ್ಲ ಅಂತ ಬಿಟ್ಟು ಸೋಫಾಗೆ ಹೋಗುತ್ತೆ. ಮೊದಲೆರಡು ದಿನ ಫ್ರಿಜ್ಜಿನ ತಂಪು ಸಾಕು.

ಹಲ್ಲುಪುಡಿ:
ಇದಕ್ಕೆ ಮೂರು ತಿದ್ದುಪಡಿ. ಆಟಿಕೆಗೆ ಎರಡೂ ಕಡೆ ತೂತಿರಬೇಕು. ಒಂದೇ ತೂತಿನದರಲ್ಲಿ ಗಾಳಿ ಹೀರಿಕೊಂಡು ನಾಲಗೆ ಒಳಗೆ ಸಿಕ್ಕಿಹಾಕ್ಕೊಳ್ಳುತ್ತೆ, ಊದಿಕೊಂಡು ಕಪ್ಪಾಗೋ ಮಟ್ಟಕ್ಕೆ ಹೋಗಿರೋ ಕೇಸುಗಳಿವೆ. ಕ್ಯಾರೆಟ್ ಬಿರಡೆ ಬೇಗ ಕಿತ್ತು ಬರೋ ಹಾಗೆ ಸಡಿಲವಾಗಿರಲಿ. ಎರಡನೇದು, ಗಂಜಿ, ಮೊಸರು ಎಲ್ಲ ಲೆಕ್ಕಕ್ಕೆ ಹಿಡೀಬೇಕು, ದಿನದ ಊಟದ ಹತ್ತರಲ್ಲಿ ಒಂದು ಪಾಲು ಮೀರಬಾರದು. ಲ್ಯಾಬ್ ಮರಿ ದಪ್ಪ ಆದ್ರೆ ಸೊಂಟದ ಕೀಲಿಗೆ ಏಟು. ಮೂರನೇದು, ಕಡಲೇಕಾಯಿ ಬೆಣ್ಣೆ ಹಾಕೋರು ಡಬ್ಬಿ ಓದಿ, ಕ್ಸೈಲಿಟಾಲ್ (ಸಕ್ಕರೆ ಬದಲಿಗೆ ಹಾಕೋ ಸಿಹಿ) ಅಂತ ಇದ್ರೆ ಮುಟ್ಟಿಸಬೇಡಿ, ಅರ್ಧ ಗಂಟೆಯಲ್ಲಿ ರಕ್ತದ ಸಕ್ಕರೆ ಅಂಶ ಕುಸಿಯುತ್ತೆ.

ಮೂರನೇ_ಮಹಡಿ:
ಖರ್ಚಿಲ್ಲದ್ದು: ಹಳೇ ಟರ್ಕಿ ಟವೆಲ್ಲು ನೆನೆಸಿ, ಹಿಂಡಿ, ಹುರಿ ಹಾಕಿ, ಒಂದು ಗಂಟು ಕಟ್ಟಿ ಫ್ರೀಜ್ ಮಾಡಿ. ಎದುರಿಗೆ ಕೂತಿದ್ದಾಗ ಮಾತ್ರ ಕೊಡಿ. ಐಸು ಕರಗಿ ಮೆತ್ತಗಾದ ತಕ್ಷಣ ವಾಪಸ್ ತಗೊಳ್ಳಿ, ಇಲ್ಲಾಂದ್ರೆ ನೂಲು ಹೊಟ್ಟೆ ಸೇರುತ್ತೆ. ಕ್ಯಾರೆಟ್ ಇಡಿಯಾಗಿ ಫ್ರೀಜ್ ಮಾಡಿ ಒಂದು ತುದಿ ಕೈಯಲ್ಲಿ ಹಿಡ್ಕೊಂಡೇ ಕಡಿಸಬಹುದು. ದುಂಡಗೆ ಬಿಲ್ಲೆ ಹೆಚ್ಚಿ ಕೊಡಬೇಡಿ, ಗಂಟಲಿಗೆ ಸರಿಯಾಗಿ ಕೂರೋ ಆಕಾರ ಅದು.

ಅಜ್ಜಿಮನೆ:
ನೋವಿಗೆ ಲವಂಗದ ಎಣ್ಣೆ ಹಚ್ಚಬಹುದಾ? ಮಕ್ಕಳ ಹಲ್ಲಿಗೆ ಹಚ್ಚೋ ಜೆಲ್ಲು?

ಗೊರಸು:
ಎರಡೂ ಬೇಡಮ್ಮ. ಲವಂಗದೆಣ್ಣೆ ವಸಡು ಸುಡುತ್ತೆ, ನೆಕ್ಕಿ ನುಂಗಿದ್ರೆ ಇನ್ನೂ ಕೆಟ್ಟದ್ದು. ಕೆಲವು ಜೆಲ್ಲಲ್ಲಿ ಬೆಂಜೊಕೇನ್ ಇರುತ್ತೆ, ನಾಯಿಯ ರಕ್ತ ಆಮ್ಲಜನಕ ಹೊರೋದನ್ನೇ ಕೆಡಿಸುತ್ತೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೂಡ ಬೇಡ. ತಂಪು ಸಾಕು.

ವೈರ್‌ಮನ್_ಗಿರಿನಗರ:
ಎಲ್ಲರೂ ರಾಗಿ ಗಂಜಿ ಕಾಯಿಸ್ತಾ ಇದ್ದೀರಿ, ವೈರಿನ ಬಗ್ಗೆ ಯಾರೂ ಮಾತಾಡ್ತಿಲ್ಲ. ಮೊದಲು ಓದಬೇಕಾಗಿದ್ದೇ ಅದು.

ಲ್ಯಾಪ್‌ಟಾಪ್ ಚಾರ್ಜರಿನಲ್ಲಿ ಎರಡು ವೈರು. ಡಬ್ಬಿಯಿಂದ ಲ್ಯಾಪ್‌ಟಾಪಿಗೆ ಹೋಗೋದು ಸುಮಾರು 20 ವೋಲ್ಟು, ಅಲ್ಲಿ ತಾಮ್ರದ ಎಳೆ ನುಂಗೋದು ತೊಂದರೆ. ಗೋಡೆಯಿಂದ ಡಬ್ಬಿಗೆ ಬರೋದು 230, ಅಲ್ಲಿ ಜೀವವೇ ಹೋಗಬಹುದು. ಸ್ವಿಚ್ ಆಫ್ ಮಾಡಿದ್ರೆ ಸಾಲದು, ಹಳೇ ವೈರಿಂಗಲ್ಲಿ ಸ್ವಿಚ್ಚು ನ್ಯೂಟ್ರಲ್ (ಕರೆಂಟು ವಾಪಸ್ ಹೋಗೋ ತಂತಿ) ಮೇಲೆ ಕೂತಿರುತ್ತೆ, ಆಫ್ ಮಾಡಿದ್ರೂ ಫೇಸಲ್ಲಿ (ಕರೆಂಟು ಬರೋ ತಂತಿ) ಕರೆಂಟು ಇದ್ದೇ ಇರುತ್ತೆ, ಪ್ಲಗ್ಗೇ ಕಿತ್ತಿಡಿ. ನೆಲದ ಮೇಲಿನ ವೈರನ್ನ ಪಿವಿಸಿ ಕೇಸಿಂಗ್ ಪಟ್ಟಿ ಒಳಗೆ ಹಾಕಿ ಗೋಡೆಗೆ ಸ್ಕ್ರೂ ಮಾಡಿ. ಬರೀ ಅಂಟು ಟೇಪಲ್ಲಿ ಅಂಟಿಸಿದ್ರೆ ಅದೇ ಕಿತ್ತು ಆಡುತ್ತೆ. ಟೀವಿ, ರೂಟರ್ ಹಿಂದಿನ ಗೊಂಚಲಿಗೆ ಸ್ಪೈರಲ್ ಸುತ್ತಿ ನಾಲ್ಕು ಅಡಿ ಮೇಲಕ್ಕೆ ಎತ್ತಿ. ಇವೆಲ್ಲ ಎಸ್.ಪಿ. ರಸ್ತೆಯ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಸಿಗುತ್ತೆ.

30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಭೂಮಿಗೆ ಸೋರಿದ್ರೆ ತಾನಾಗೇ ಆಫ್ ಆಗೋ ಸ್ವಿಚ್ಚು) ಇದ್ಯಾ ನೋಡಿಸಿ, ಟೆಸ್ಟ್ ಬಟನ್ ಒತ್ತಿದ್ರೆ ಟಪ್ ಅಂತ ಬೀಳಬೇಕು. ಆದರೆ ಅದನ್ನೇ ನಂಬ್ಕೊಂಡು ಕೂರೋ ಹಾಗಿಲ್ಲ. ಮರಿ ಫೇಸು ನ್ಯೂಟ್ರಲ್ಲು ಎರಡನ್ನೂ ಒಟ್ಟಿಗೆ ಕಚ್ಚಿದ್ರೆ ಕರೆಂಟು ಭೂಮಿಗೆ ಹೋಗೋದೇ ಇಲ್ಲ, ಅದು ಬೀಳದೇ ಇರಬಹುದು. ಇನ್ನೊಂದು ವಿಷಯ ಇನ್ವರ್ಟರು. ಮರಿಗೆ ಶಾಕ್ ಹೊಡೀತಿದೆ ಅಂತ ಮೇನ್ ಇಳಿಸಿದ್ರೆ ಇನ್ವರ್ಟರ್ ಆನ್ ಆಗಿ ಅದೇ ಪಾಯಿಂಟಿಗೆ ಮತ್ತೆ 230 ಕೊಡುತ್ತೆ! ಇನ್ವರ್ಟರ್ ಲೈನಿನ ಪ್ಲಗ್ ಯಾವುದು ಅಂತ ಇವತ್ತೇ ಗುರುತು ಹಾಕಿ, ಎರಡನ್ನೂ ಆಫ್ ಮಾಡದೆ ಮರಿ ಮುಟ್ಟಬೇಡಿ.

ಗೊರಸು:
ಇದಕ್ಕೆ ಸೇರಿಸ್ತೀನಿ: ಶಾಕ್ ಹೊಡೆದ ಮರಿ ಎದ್ದು ಓಡಾಡ್ತಿದ್ರೂ ತೋರಿಸಬೇಕು. ಶ್ವಾಸಕೋಶದಲ್ಲಿ ನೀರು ತುಂಬೋದು ಕೆಲವು ಗಂಟೆ ಕಳೆದು ಶುರುವಾಗಬಹುದು, ಒಂದೆರಡು ದಿನ ಉಸಿರಾಟ ನೋಡ್ತಾ ಇರಬೇಕು. ತುಟಿ, ನಾಲಗೆ ಮೇಲೆ ಬೂದು ಬಣ್ಣದ ಸುಟ್ಟ ಗೆರೆ ಇದ್ರೆ ಶಾಕ್ ಹೊಡೆದಿದೆ ಅಂತಲೇ. ಗುಂಡಿ ಸೆಲ್ಲು ನುಂಗಿದ್ರೂ ಕಾಯಬೇಡಿ, ಅನ್ನನಾಳಕ್ಕೆ ಅಂಟಿಕೊಂಡು ಕೆಲವೇ ಗಂಟೇಲಿ ಸುಟ್ಟು ತೂತು ಮಾಡುತ್ತೆ.

ಗಾಂಧಿಬಜಾರ್_ಹೂವು:
ಕುಂಡಗಳನ್ನೂ ನೋಡಿ. ಮನಿ ಪ್ಲಾಂಟು, ಡಿಫೆನ್‌ಬೇಕಿಯಾ ಕಡಿದ್ರೆ ಬಾಯಿ ಉರಿದು ಜೊಲ್ಲು ಸುರಿಯುತ್ತೆ. ಕಣಗಿಲೆ, ಸೈಕಸ್ ಆ ಥರ ಅಲ್ಲ, ಪ್ರಾಣ ತೆಗೆಯೋವು. ಬೀರೂ ಕೆಳಗೆ ಉರುಳಿದ ನುಸಿ ಗುಳಿಗೆಯೂ ವಿಷ.

ಬಾಲದ_ತುದಿ:
ಕಹಿ ಸ್ಪ್ರೇ ಎರಡೇ ದಿನ ಯಾಕೆ ಕೆಲಸ ಮಾಡ್ತು ಅಂದ್ರೆ ದಿನಾ ಹೊಡೀಬೇಕು, ಒರೆಸಿದ್ರೆ ಹೋಗುತ್ತೆ. ಕೆಲವು ಮರಿಗಳಿಗೆ ಕಹಿ ಲೆಕ್ಕಕ್ಕೇ ಬರಲ್ಲ. ಮೊದಲು ಹತ್ತಿ ಉಂಡೆಗೆ ಹಾಕಿ ಮೂತಿ ಹತ್ರ ಹಿಡೀರಿ. ಮುಖ ಕಿವುಚಿ ಹಿಂದೆ ಸರಿದ್ರೆ ಕೆಲಸ ಮಾಡುತ್ತೆ, ನೆಕ್ಕಿದ್ರೆ ದುಡ್ಡು ದಂಡ. ಪಾಲಿಶ್ ಮಾಡಿದ ಮರಕ್ಕೆ ಒಳಮೂಲೇಲಿ ಹೊಡೆದು ನೋಡಿ, ಕೆಲವದರಲ್ಲಿ ಆಲ್ಕೋಹಾಲ್ ಇದ್ದು ಪಾಲಿಶ್ ಎದ್ದುಬಿಡುತ್ತೆ.

ಎಳನೀರು_ಗಾಡಿ:
ಮೆಣಸಿನ ಪುಡಿ? ಹಾಗಲಕಾಯಿ ರಸ?

ಬಾಲದ_ತುದಿ:
ಮೆಣಸು ಕಣ್ಣಿಗೆ ಹೋಗುತ್ತೆ, ಅದರ ಕಣ್ಣಿಗೂ ನಿಮ್ಮ ಕಣ್ಣಿಗೂ. ಹಾಗಲಕಾಯಿ ರಸ ಹಚ್ಚಿದ್ರೆ ಸೋಫಾ ಹಸಿರಾಗುತ್ತೆ, ಮರಿ ಪಕ್ಕದ ಕಾಲಿಗೆ ಹೋಗುತ್ತೆ.

ಮುಧೋಳ_ಬೇಟೆ:
ಪೇಪರ್ ಸುತ್ತಿ ಮೂತಿಗೆ ಒಂದು ಬಿಟ್ರೆ ಎಲ್ಲ ಸರಿಹೋಗುತ್ತೆ. ಬೀದಿ ನಾಯಿಗೆ ಯಾರು ರಬ್ಬರ್ ಆಟಿಕೆ ತಂದ್ಕೊಡ್ತಾರೆ?

ಕಂತ್ರಿಪ್ರೇಮಿ:
ಬೀದಿ ಮರಿಗಳು ಆಟಿಕೆ ತಾವೇ ಹುಡುಕ್ಕೊಳ್ತವೆ. ನಿಮ್ಮ ಸ್ಕೂಟರ್ ಸೀಟು ಹರಿದಿದ್ದು ಯಾರು ಅಂದುಕೊಂಡ್ರಿ? ಹೊಡೆದ್ರೆ ಅದು ಕಲಿಯೋದು ಒಂದೇ ಪಾಠ, ನೀವು ಇದ್ದಾಗ ಕಡೀಬಾರದು, 10ರಿಂದ 1ರವರೆಗೆ ಕಡೀಬಹುದು. ಬಾಯಲ್ಲಿ ಏನಾದ್ರೂ ಇದ್ದಾಗ ಅಟ್ಟಿಸ್ಕೊಂಡು ಹೋಗೋದೂ ತಪ್ಪು, ಅದಕ್ಕದು ಆಟ. ಇಲ್ಲಾಂದ್ರೆ ಹೆದರಿ ನುಂಗಿಬಿಡುತ್ತೆ.

ಬದಲಿ ವ್ಯಾಪಾರ ಮಾಡಿ. ಮೂಗಿನ ಮುಂದೆ ಬೇಯಿಸಿದ ಚಿಕನ್ ಚೂರು ಹಿಡೀರಿ, ಬಾಯಿ ಬಿಟ್ಟ ಕ್ಷಣ "ಬಿಡು" ಅನ್ನಿ, ಚೂರು ಕೊಡಿ. ಆಟಿಕೆ ಆಗಿದ್ರೆ ಅದನ್ನೂ ವಾಪಸ್ ಕೊಡಿ. ಪ್ರತಿ ಸಲ ಕಿತ್ಕೊಂಡ್ರೆ ಬಿಡೋ ಅಭ್ಯಾಸ ಬರೋ ಬದಲು ಗುರ್ ಅನ್ನೋ ಅಭ್ಯಾಸ ಬರುತ್ತೆ. ದಿನಕ್ಕೆ ಐದಾರು ಸಲ, ಒಂದೊಂದು ನಿಮಿಷ. ಚಪ್ಪಲಿ ಸಿಕ್ಕಿದಾಗಲೇ ಶುರು ಮಾಡಬೇಡಿ, ಮೊದಲು ಅದಕ್ಕೆ ಬೇಡದ ಆಟಿಕೆಯಲ್ಲಿ ಕಲಿಸಿ.

ಮೂರನೇ_ಮಹಡಿ:
ಕಾರಿಡಾರಲ್ಲಿ ಚಪ್ಪಲಿ ರಾಶಿ ಬಿಡೋರಿಗೂ ಯಾರಾದ್ರೂ ಬುದ್ಧಿ ಹೇಳಿ. ಮರಿ ಒಂದು ಜೊತೆ ಎತ್ತಿಕೊಂಡು ಬಂದ್ರೆ ಅಸೋಸಿಯೇಷನ್ ಮೀಟಿಂಗು, ನಾಯಿ ನಿಷೇಧ ಮಾಡಿ ಅಂತ.

ಹಲ್ಲುಪುಡಿ:
ನಿಷೇಧ ಮಾಡೋ ಅಧಿಕಾರ ಅಸೋಸಿಯೇಷನ್‌ಗೆ ಇಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ತೆಗೆದು ತೋರಿಸಿ. ಚಪ್ಪಲಿ ದುಡ್ಡು ಮಾತ್ರ ಕೊಡಿ.

ಅಜ್ಜಿಮನೆ:
ಹಲ್ಲಿಂದ ಹೊರಟು ಅಸೋಸಿಯೇಷನ್‌ಗೆ ಬಂದ್ವಿ. ಇನ್ನು ಲಿಫ್ಟು, ಆಮೇಲೆ ಪಾರ್ಕಿಂಗು.

ರಾಗಿಮುದ್ದೆ:
ಮೂರು ಗಂಟೆಯ ವಿಷಯಕ್ಕೆ ಬರೋಣ. ನಾಲ್ಕೂವರೆ ತಿಂಗಳ ಮರಿಗೆ ಮೂರು ಗಂಟೆ ಒಂಟಿ ಇರೋದು ಕಷ್ಟ ಅಲ್ಲ, ಆದರೆ ಇಡೀ ಫ್ಲ್ಯಾಟು ಬಿಟ್ಟುಕೊಡಬಾರದು. ಮಡಚೋ ಕಬ್ಬಿಣದ ಬೇಲಿ, ನಾಲ್ಕಡಿ ಉದ್ದಗಲ, ಎತ್ತರ ಮೂರಡಿಗೆ ಕಮ್ಮಿ ಬೇಡ. ಗೋಡೆ ಮೂಲೆ, ಪ್ಲಗ್ ಪಾಯಿಂಟ್ ಕೈಗೆಟುಕದ ಜಾಗ. ಒಳಗೆ ನೀರು, ಹಾಸಿಗೆ, ಎರಡು ಆಟಿಕೆ. ಐದು ಆಟಿಕೆ ಇದ್ರೆ ಎರಡು ಹೊರಗೆ, ಮೂರು ಬೀರೂನಲ್ಲಿ, ಎರಡು ದಿನಕ್ಕೊಮ್ಮೆ ಬದಲು. ಬೇಲಿ ಒಳಗಿದ್ದಾಗ ಕೊರಳ ಪಟ್ಟಿ ಬಿಚ್ಚಿ, ಸರಳಿಗೆ ಸಿಕ್ಕಿಕೊಂಡ್ರೆ ಉಸಿರುಗಟ್ಟುತ್ತೆ.

9 ಗಂಟೆಗೆ ಹೊರಗೆ ಕರ್ಕೊಂಡು ಹೋಗಿ, 20-25 ನಿಮಿಷ. ಓಡಿಸಬೇಡಿ, ಮೂಸೋಕೆ ಬಿಡಿ. ಪ್ರತಿ ಕಂಬ, ಪ್ರತಿ ಮರದ ಬುಡ. ಮೂಗಿನ ಕೆಲಸ ಸುಸ್ತು ಮಾಡುತ್ತೆ. ಬಂದು ಊಟ, ಒಂದು ಉಚ್ಚೆ, 9.50ಕ್ಕೆ ಬೇಲಿ ಒಳಗೆ ಫ್ರೀಜ್ ಮಾಡಿದ ಆಟಿಕೆ. ಅರ್ಧ ಗಂಟೆ ನೆಕ್ಕಿ ನಿದ್ದೆ ಹೋಗುತ್ತೆ. ಈ ವಯಸ್ಸಲ್ಲಿ ದಿನಕ್ಕೆ 18 ಗಂಟೆಯಷ್ಟು ನಿದ್ದೆ ಬೇಕು. ಸಂಜೆ 7ಕ್ಕೆ ಹುಚ್ಚು ಹಿಡಿದ ಹಾಗೆ ಕಡಿಯೋ ಮರಿಗೆ ಬಹಳ ಸಲ ಆಟ ಕಮ್ಮಿ ಆಗಿರಲ್ಲ, ನಿದ್ದೆ ಕಮ್ಮಿ ಆಗಿರುತ್ತೆ. ಮೊದಲ ವಾರ ನೀವು ಮನೇಲಿದ್ದಾಗಲೇ ಹತ್ತು ನಿಮಿಷ, ಅರ್ಧ ಗಂಟೆ ಅಂತ ಬೇಲಿ ಅಭ್ಯಾಸ ಮಾಡಿಸಿ.

ಪಾಮ್_ಬಸವನಗುಡಿ:
ಮಧ್ಯೆ ಒಂದು ಪ್ರಶ್ನೆ. ಪಾಮೇರಿಯನ್, ಆರೂವರೆ ತಿಂಗಳು. ಕೋರೆಹಲ್ಲು ಎರಡೆರಡು ಕಾಣ್ತಿದೆ, ಒಂದು ಸೂಜಿ ಥರ, ಪಕ್ಕದಲ್ಲೇ ದಪ್ಪದು. ಬಿದ್ದುಹೋಗುತ್ತಾ?

ಗೊರಸು:
ಕಾಯಬೇಡಿ. ಒಂದೇ ಜಾಗದಲ್ಲಿ ಹಾಲುಹಲ್ಲು, ದೊಡ್ಡ ಹಲ್ಲು ಎರಡೂ ಇರಬಾರದು. ಪಾಮ್, ಶಿಟ್ಸು, ಡ್ಯಾಶ್‌ಹೌಂಡ್‌ಗಳಲ್ಲಿ ಇದು ಸಾಮಾನ್ಯ. ಸಂದಲ್ಲಿ ಕೂದಲು, ಊಟ ಸೇರಿ ವಸಡು ಕೊಳೆಯುತ್ತೆ. ಕೆಳಗಿನ ಕೋರೆ ಒಳಕ್ಕೆ ತಳ್ಳಿಸಿಕೊಂಡು ಅಂಗುಳಕ್ಕೆ ಚುಚ್ಚುತ್ತೆ. ಸಂತಾನಹರಣ ಆಪರೇಷನ್ ಹತ್ತಿರದಲ್ಲೇ ಇದ್ರೆ ಅದೇ ಅರಿವಳಿಕೆಯಲ್ಲಿ ಕೀಳಿಸೋದುಂಟು, ಆದರೆ ಅಂಗುಳಕ್ಕೆ ತಾಗ್ತಿದ್ರೆ ಅಲ್ಲೀವರೆಗೆ ತಡೀಬೇಡಿ. ಮನೇಲಿ ಇಕ್ಕಳ ಹಾಕೋ ಸಾಹಸ ಬೇಡ, ಹಾಲುಕೋರೆಯ ಬೇರು ಉದ್ದ, ಒಳಗೇ ಮುರಿಯುತ್ತೆ.

ಚಪ್ಪಲಿ_ಸ್ಟ್ಯಾಂಡ್:
ಬೇಲಿ, ರಾಗಿ, ಕೇಸಿಂಗ್ ಪಟ್ಟಿ, ಮೂರೂ ಬರೆದುಕೊಂಡೆ. ಚೌಕಟ್ಟು, ಸೋಫಾ ಕಾಲು ಈಗಲೇ ರಿಪೇರಿ ಮಾಡಿಸಲಾ?

ವೈರ್‌ಮನ್_ಗಿರಿನಗರ:
ಈಗ ಪಾಲಿಶ್ ಮಾಡಿಸಿದ್ರೆ ಅದಕ್ಕೆ ಹೊಸ ತಿಂಡಿ ಬಡಿಸಿದ ಹಾಗೆ. ವರ್ಷ ತುಂಬಲಿ. ಅಲ್ಲೀವರೆಗೆ ಚೌಕಟ್ಟಿನ ಮೂಲೆಗೆ ಒಂದಿಂಚಿನ ಅಲ್ಯೂಮಿನಿಯಂ ಎಲ್ ಪಟ್ಟಿ, ನೆಲದಿಂದ ಎರಡೂವರೆ ಅಡಿ, ಅಂಚು ಉಜ್ಜಿಸಿ ತಲೆ ಚಪ್ಪಟೆ ಇರೋ ಸ್ಕ್ರೂ ಹಾಕಿ. ಸೋಫಾ ಕಾಲಿಗೆ ಪಿವಿಸಿ ಪೈಪಿನ ತುಂಡು, ಉದ್ದಕ್ಕೆ ಒಂದು ಕಡೆ ಸೀಳಿ ಬಿಗಿಯಾಗಿ ತೊಡಿಸೋದು. ಮೇಲೂ ಕೆಳಗೂ ಸಂದಿ ಬಿಡಬೇಡಿ, ಹಲ್ಲಿಗೆ ಅಂಚು ಸಿಕ್ರೆ ಪೈಪನ್ನೂ ಬಿಡಲ್ಲ. ಸೀಳು ಗೋಡೆ ಕಡೆ ತಿರುಗಿರಲಿ.

ಚಪ್ಪಲಿ_ಸ್ಟ್ಯಾಂಡ್:
ಎಷ್ಟಿಂಚಿನ ಪೈಪು?

ವೈರ್‌ಮನ್_ಗಿರಿನಗರ:
ಕಾಲಿನ ಸುತ್ತಳತೆ ದಾರದಲ್ಲಿ ಹಿಡ್ಕೊಂಡು ಅಂಗಡಿಗೆ ಹೋಗಿ. ದಾರ ವಾಪಸ್ ತಂದು ಮರಿ ಕೈಗೆ ಸಿಗೋ ಹಾಗೆ ಇಡಬೇಡಿ.